ಬರಿಗಾಲಿನ ನೆಪ

ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಫುಟ್‌ಬಾಲ್ ಪಂದ್ಯಗಳ ಕಾಲ ಬಂದಿತೆಂದರೆ ನಮ್ಮ ಕಾಫಿ ಹೋಟೆಲುಗಳಲ್ಲಿ, ಕಛೇರಿಯ ಮೊಗಸಾಲೆಗಳಲ್ಲಿ, ಮನೆಯ ನಡುಮನೆಗಳಲ್ಲಿ ಒಂದು ಕಥೆ ತಪ್ಪದೆ ಎದ್ದು ಕುಳಿತುಕೊಳ್ಳುತ್ತದೆ. 1950ರಲ್ಲಿ ಬ್ರೆಜಿಲ್ ದೇಶದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ಆಡುವ ಅವಕಾಶ ಭಾರತಕ್ಕೆ ದೊರೆತಿತ್ತಂತೆ. ನಮ್ಮವರು ಬರಿಗಾಲಿನಲ್ಲಿಯೇ ಆಡುತ್ತೇವೆ ಎಂದರಂತೆ. ಫಿಫಾ ಸಂಸ್ಥೆಯ ದೊರೆಗಳು ಬೂಟಿಲ್ಲದೆ ಬರಕೂಡದು ಎಂದರಂತೆ. ಸ್ವಾಭಿಮಾನಿಗಳಾದ ನಮ್ಮವರು, ಹಾಗಾದರೆ ನಿಮ್ಮ ಕಪ್ಪೂ ಬೇಡ, ನಿಮ್ಮ ಬೂಟೂ ಬೇಡ ಎಂದು ಮನೆಯಲ್ಲಿಯೇ ಉಳಿದರಂತೆ. ಹೇಳುವವರ ಮುಖದಲ್ಲಿ ಅರ್ಧ ದುಃಖ, ಅರ್ಧ ಹೆಮ್ಮೆ. ಕೇಳುವವರು ಲೊಚಗುಟ್ಟಿ ಇನ್ನೊಂದು ಲೋಟ ಕಾಫಿ ತರಿಸುತ್ತಾರೆ. ಅಲ್ಲಿಗೆ ಭಾರತದ ಫುಟ್‌ಬಾಲಿನ ಚರ್ಚೆ ಮುಗಿದಂತೆ.

ಈ ಕಥೆಯನ್ನು ನಾನು ಓದುಬರಹ ಬಲ್ಲವರ ಬಾಯಿಂದಲೇ ಹೆಚ್ಚಾಗಿ ಕೇಳಿದ್ದೇನೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಹಳ್ಳಿಯಲ್ಲಿ ಮಾತ್ರ ಇದ್ದಾರೆಂದು ತಿಳಿಯಬಾರದು. ದಿನಕ್ಕೆರಡು ವೃತ್ತಪತ್ರಿಕೆ ಓದುವವರಲ್ಲಿಯೂ ಇದ್ದಾರೆ. ಈ ಕಥೆ ಸುಳ್ಳು ಎಂದು ಹೇಳುವುದಷ್ಟೇ ಆಗಿದ್ದರೆ ನಾಲ್ಕು ಸಾಲು ಸಾಕಾಗಿತ್ತು. ಆದರೆ ಇದು ಬರಿಯ ಸುಳ್ಳಲ್ಲ, ಉಪಯೋಗವುಳ್ಳ ಸುಳ್ಳು. ಇದರಿಂದ ಲಾಭ ಪಡೆದವರು ಇದ್ದಾರೆ, ನಷ್ಟಪಟ್ಟವರೂ ಇದ್ದಾರೆ. ಲಾಭ ಯಾರಿಗೆ, ನಷ್ಟ ಯಾರಿಗೆ ಎಂಬುದೇ ನಾನು ಇಲ್ಲಿ ಎತ್ತಬೇಕೆಂದಿರುವ ಜಗಳ.

ಆಟದ ಉಡುಪಿನ ವಿಷಯ ಕ್ಷುಲ್ಲಕವೆಂದು ನಾನು ಹೇಳುವವನಲ್ಲ. ಫುಟ್‌ಬಾಲಿನಲ್ಲಿ ಅಂಗಿ, ಚಡ್ಡಿ, ಬೂಟು, ಪಂದ್ಯದ ದಿನದ ರೂಢಿಗಳು, ಇವುಗಳ ಬಗ್ಗೆ ಮಕ್ಕಳು ಕೇಳುವ ಪ್ರಶ್ನೆಗಳೆಲ್ಲ ಕುತೂಹಲದವೇ. ಬೆನ್ನ ಮೇಲೆ ಅಂಕಿ ಏಕೆ? 1928ರಲ್ಲಿ ಇಂಗ್ಲೆಂಡಿನ ಲೀಗ್ ಪಂದ್ಯಗಳಲ್ಲಿ ಆರ್ಸೆನಲ್ ಮತ್ತು ಚೆಲ್ಸಿ ತಂಡಗಳು ಅದನ್ನು ಪ್ರಯೋಗಮಾಡಿ ನೋಡಿದವು, 1933ರ ಎಫ್.ಎ. ಕಪ್ಪಿನ ಫೈನಲಿನಲ್ಲಿ ಎವರ್ಟನ್ ತಂಡದವರು 1ರಿಂದ 11ರವರೆಗೆ, ಮ್ಯಾಂಚೆಸ್ಟರ್ ಸಿಟಿಯವರು 12ರಿಂದ 22ರವರೆಗೆ ಅಂಕಿ ತೊಟ್ಟು ಬಂದರು; ಅಂಕಿ ಕಡ್ಡಾಯವಾದದ್ದು 1939ರಲ್ಲಿ. ದೂರದಲ್ಲಿ ಕುಳಿತ ನೋಡುಗನಿಗೆ ಆಟಗಾರನ ಗುರುತು ಹತ್ತಲಿ ಎಂಬುದಷ್ಟೇ ಉದ್ದೇಶ. ಗೋಲ್‌ಕೀಪರಿಗೆ ಬೇರೆ ಬಣ್ಣ ಏಕೆ? 1909ರವರೆಗೆ ಅವನೂ ಜೊತೆಯವರ ಬಣ್ಣವನ್ನೇ ತೊಡುತ್ತಿದ್ದ. ಗುಂಪಿನ ನಡುವೆ ಚೆಂಡು ಹಿಡಿದವನು ಯಾರೆಂದು ರೆಫರಿಗೆ ತಿಳಿಯುವುದು ಕಷ್ಟವಾಗಿ ಬಣ್ಣ ಬೇರೆಯಾಯಿತು. ಪಂದ್ಯ ಮುಗಿದ ಮೇಲೆ ಅಂಗಿ ಬದಲಾಯಿಸಿಕೊಳ್ಳುವುದೇಕೆ? 1931ರಲ್ಲಿ ಪ್ಯಾರಿಸಿನಲ್ಲಿ ಇಂಗ್ಲೆಂಡನ್ನು 5-2ರಿಂದ ಸೋಲಿಸಿದ ಫ್ರಾನ್ಸಿನವರು ಸಂತೋಷ ತಾಳಲಾರದೆ ನೆನಪಿಗಾಗಿ ಎದುರಾಳಿಯ ಅಂಗಿ ಕೇಳಿದರೆಂದು ಹೇಳುತ್ತಾರೆ. ಗೋಲು ಹೊಡೆದು ಅಂಗಿ ಬಿಚ್ಚಿದರೆ ಹಳದಿ ಚೀಟಿ ಏಕೆ? 2004ರಲ್ಲಿ ನಿಯಮ ಹಾಗಾಯಿತು.

ಈ ಪ್ರಶ್ನೆಗಳಿಗೆಲ್ಲ ಇಸವಿ ಸಹಿತವಾಗಿ ಉತ್ತರವಿದೆ. ಆ ದೇಶಗಳವರು ತಮ್ಮ ಒಂದು ಗುಂಡಿಯ, ಒಂದು ಕಾಲುಚೀಲದ ಚರಿತ್ರೆಯನ್ನು ಕೂಡ ಬರೆದಿಟ್ಟಿದ್ದಾರೆ. ನಮ್ಮ ಪಾಲಿಗೆ ಬಂದ ಒಂದೇ ಒಂದು ದೊಡ್ಡ ಪ್ರಶ್ನೆ, ನಾವು 1950ರಲ್ಲಿ ಏಕೆ ಹೋಗಲಿಲ್ಲ ಎಂಬುದು. ಅದಕ್ಕೆ ನಾವು ಕೊಡುತ್ತಿರುವ ಉತ್ತರ ಅಜ್ಜಿಕಥೆ.

ಈಗ ಸಂಗತಿಗೆ ಬರೋಣ.

ಬರಿಗಾಲಿನ ಆಟ ನಮ್ಮಲ್ಲಿ ಇದ್ದುದೇನೋ ನಿಜ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಐ.ಎಫ್.ಎ. ಷೀಲ್ಡಿನ ಫೈನಲಿನಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟಿನ ಗೋರಾ ಸಿಪಾಯಿಗಳನ್ನು 2-1ರಿಂದ ಸೋಲಿಸಿದಾಗ, ಹನ್ನೊಂದು ಮಂದಿಯಲ್ಲಿ ಬೂಟು ತೊಟ್ಟಿದ್ದವರು ಸುಧೀರ್ ಚಟರ್ಜಿ ಒಬ್ಬರೇ. ಉಳಿದ ಹತ್ತು ಮಂದಿಯ ಕಾಲು ಬರಿಗಾಲು. ಆ ಗೆಲುವು ಬಂಗಾಳವನ್ನು ಎಬ್ಬಿಸಿ ಕುಣಿಸಿತು, ಕುಣಿಸಬೇಕಾದದ್ದೇ. ಮುಂದಿನ ನಾಲ್ಕು ದಶಕಗಳವರೆಗೂ ನಮ್ಮ ಆಟಗಾರರಲ್ಲಿ ಬಹುಮಂದಿ ಕಣಕಾಲಿಗೆ ಪಟ್ಟಿ ಸುತ್ತಿಕೊಂಡು ಬರಿಗಾಲಿನಲ್ಲೇ ಆಡಿದರು. ಚೆಂಡಿನ ಸ್ಪರ್ಶ ಬರಿಗಾಲಿಗೆ ಚೆನ್ನಾಗಿ ಸಿಕ್ಕುತ್ತದೆ ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಬೂಟಿಗೆ ಹಣವಿರಲಿಲ್ಲ ಎಂಬ ಮಾತಿನಲ್ಲಿ ಇನ್ನೂ ಹೆಚ್ಚು ಸತ್ಯವಿದೆ.

1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ, ಇಲ್‌ಫರ್ಡ್ ಎಂಬಲ್ಲಿಯ ಕ್ರಿಕಲ್‌ಫೀಲ್ಡ್ ಮೈದಾನದಲ್ಲಿ, ಭಾರತ ಫ್ರಾನ್ಸನ್ನು ಎದುರಿಸಿತು. ನಾಗಾ ಬೆಟ್ಟಗಳಿಂದ ಬಂದ ತಾಲಿಮೆರೆನ್ ಆವೊ ನಮ್ಮ ನಾಯಕ. ಬಹುಮಂದಿ ಬರಿಗಾಲಿನಲ್ಲಿ ಇಳಿದರು. ನಮಗೆ ಎರಡು ಪೆನಾಲ್ಟಿ ದೊರೆತು ಎರಡೂ ವ್ಯರ್ಥವಾದವು. ಒಂದು ಗೋಲು ಹಿಂದಿದ್ದಾಗ ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್ ಗೋಲು ಹೊಡೆದು ಸಮ ಮಾಡಿದರು. ಸ್ವತಂತ್ರ ಭಾರತದ ಪರವಾಗಿ ಒಲಿಂಪಿಕ್ಸ್‌ನಲ್ಲಿ ಬಿದ್ದ ಮೊದಲ ಫುಟ್‌ಬಾಲ್ ಗೋಲು ಅದು. ಕೊನೆಯ ಗಳಿಗೆಯಲ್ಲಿ ಫ್ರಾನ್ಸಿನವರು ಇನ್ನೊಂದು ಹೊಡೆದು 2-1ರಿಂದ ಪಾರಾದರು. ನಿಮ್ಮವರು ಬೂಟೇಕೆ ತೊಡುವುದಿಲ್ಲ ಎಂದು ಕೇಳಿದ ಪತ್ರಿಕೆಯವರಿಗೆ ಆವೊ, ನಾವಾಡುವುದು ಫುಟ್‌ಬಾಲು, ನೀವಾಡುವುದು ಬೂಟ್‌ಬಾಲು ಎಂದು ಉತ್ತರಿಸಿದರೆಂದು ಪ್ರತೀತಿ. ಚಟಾಕಿ ಸೊಗಸಾಗಿದೆ. ಆದರೆ ಚಟಾಕಿಯ ಮೇಲೆ ಚರಿತ್ರೆ ಕಟ್ಟಲಾಗದು.

ಕಥೆಗಾರರು ಮುಂದಿನ ಹೆಜ್ಜೆ ಇಡುವುದು ಇಲ್ಲಿಯೇ. ಲಂಡನ್ನಿನ ಬರಿಗಾಲನ್ನು ಕಂಡು ಬೆದರಿದ ಫಿಫಾ, ಇನ್ನು ಮುಂದೆ ಬರಿಗಾಲು ಸಲ್ಲದೆಂದು ಆಜ್ಞೆ ಹೊರಡಿಸಿತು, ಅದರಿಂದಲೇ 1950ರಲ್ಲಿ ನಮಗೆ ಬಾಗಿಲು ಮುಚ್ಚಿತು ಎಂದು ಅವರ ವಾದ. ಹಾಗಿದ್ದರೆ ನನ್ನದೊಂದು ಸರಳ ಪ್ರಶ್ನೆ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಭಾರತದ ಆಟಗಾರರಲ್ಲಿ ಹಲವರು ಬರಿಗಾಲಿನಲ್ಲಿಯೇ ಆಡಿದರಲ್ಲ, ಅದು ಹೇಗೆ? ಒಲಿಂಪಿಕ್ಸಿನ ಫುಟ್‌ಬಾಲೂ ಅದೇ ಫಿಫಾದ ನಿಯಮಗಳಿಗೆ ಒಳಪಟ್ಟದ್ದೇ. 1948ರಲ್ಲಿ ನಿಷೇಧವಾದದ್ದು 1950ರಲ್ಲಿ ಬಾಗಿಲು ಮುಚ್ಚಿ, 1952ರಲ್ಲಿ ತಾನಾಗಿ ತೆರೆದುಕೊಂಡಿತೆ? ಈ ಪ್ರಶ್ನೆಯನ್ನು ನಾನು ಎಷ್ಟೋ ಮಂದಿಗೆ ಹಾಕಿದ್ದೇನೆ. ಉತ್ತರ ಬಂದಿಲ್ಲ, ಮಾತು ಬೇರೆ ಕಡೆಗೆ ತಿರುಗಿದೆ.

ಕಾನೂನಿನ ಮಾತೆತ್ತಿದವರಿಗೆ ಇನ್ನೊಂದು ಸಂಗತಿಯನ್ನೂ ಹೇಳಿಬಿಡುತ್ತೇನೆ. ಫುಟ್‌ಬಾಲಿನ ಮೊದಲ ನಿಯಮಾವಳಿ ಲಂಡನ್ನಿನಲ್ಲಿ 1863ರಲ್ಲಿ ರಚಿತವಾದದ್ದು. ಅದರಲ್ಲಿ ಬೂಟಿನ ಪ್ರಸ್ತಾಪ ಇದೆ. ಏನೆಂದು? ಹೊರಚಾಚಿದ ಮೊಳೆ, ಕಬ್ಬಿಣದ ತಗಡು, ಗಟಾಪರ್ಚಾ ಇವುಗಳನ್ನು ಬೂಟಿನ ಅಟ್ಟೆಗೆ ಹೊಡೆದುಕೊಂಡು ಬರಬಾರದು ಎಂದು. ಎಂದರೆ, ನಿಯಮ ಬರೆದವರ ಭಯವೆಲ್ಲ ಬೂಟು ತೊಟ್ಟವನ ಮೇಲಿತ್ತೇ ಹೊರತು ತೊಡದವನ ಮೇಲಲ್ಲ. ಬರಿಗಾಲಿನವನಿಂದ ಯಾರ ಮೊಣಕಾಲ ಚಿಪ್ಪು ಒಡೆಯಬೇಕು?

ಹಾಗಾದರೆ 1950ರಲ್ಲಿ ನಿಜವಾಗಿ ನಡೆದದ್ದೇನು? ಏಷ್ಯದ ಪಾಲಿಗಿದ್ದ ಸ್ಥಾನಕ್ಕೆ ಪೈಪೋಟಿ ನಡೆಸಬೇಕಾಗಿದ್ದ ಬರ್ಮಾ, ಫಿಲಿಪ್ಪೀನ್ಸ್ ಮುಂತಾದ ದೇಶಗಳು ಹಿಂದೆಗೆದದ್ದರಿಂದ ಭಾರತಕ್ಕೆ ಒಂದು ಪಂದ್ಯವನ್ನೂ ಆಡದೆ ಅರ್ಹತೆ ದೊರೆಯಿತು. ಇಟಲಿ, ಸ್ವೀಡನ್, ಪರಾಗ್ವೆ ದೇಶಗಳಿದ್ದ ಗುಂಪಿನಲ್ಲಿ ನಮ್ಮ ಹೆಸರು ಬಿದ್ದಿತು. ಪ್ರಯಾಣದ ವೆಚ್ಚದ ಬಹುಭಾಗವನ್ನು ತಾವೇ ಭರಿಸುವುದಾಗಿ ಬ್ರೆಜಿಲಿನವರು ಹೇಳಿದರು. ಆಗ ನಮ್ಮ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಹಿಂದೆಗೆಯಿತು. ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಅಭ್ಯಾಸಕ್ಕೆ ಸಮಯ ಸಾಲದು, ಇವು ಅದು ಕೊಟ್ಟ ಕಾರಣಗಳು. ಅದರಲ್ಲಿ ಬೂಟಿನ ಮಾತಿಲ್ಲ. ಆ ತಂಡ ಹೋಗಿದ್ದರೆ ನಾಯಕರಾಗಬೇಕಾಗಿದ್ದ ಶೈಲೆನ್ ಮನ್ನಾ ಮುಪ್ಪಿನಲ್ಲಿ ಕೇಳಿದವರಿಗೆ ಹೇಳಿದ್ದೂ ಇದನ್ನೇ: ಬರಿಗಾಲು ಕಾರಣವಲ್ಲ, ವಿಶ್ವಕಪ್ ಎಂದರೆ ಏನೆಂದು ನಮಗೆ ಆಗ ಗೊತ್ತಿರಲಿಲ್ಲ, ನಮಗೆ ಒಲಿಂಪಿಕ್ಸೇ ಸರ್ವಸ್ವವಾಗಿತ್ತು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ನಡೆದದ್ದು ಅದಕ್ಕಿಂತಲೂ ಕೆಟ್ಟದ್ದು. ಕುಣಿಯಬಲ್ಲವಳು ಗೆಜ್ಜೆ ಕಟ್ಟಿಕೊಂಡು ಸಿದ್ಧಳಾಗಿ ನಿಂತಿದ್ದಳು. ಮೇಳದ ಯಜಮಾನ ಗಾಡಿ ಕಟ್ಟಲಿಲ್ಲ. ಮರುದಿನ ಊರವರ ಮುಂದೆ, ಅವಳ ಕಾಲು ಸರಿಯಿಲ್ಲ ಎಂದು ಸುದ್ದಿ ಹಬ್ಬಿತು!

ಇನ್ನು ಉಡುಪಿನ ತೊಡಕೇ ಬಂದಿದ್ದರೆ ಬಾಗಿಲು ಮುಚ್ಚುತ್ತಿತ್ತೇ ಎಂಬುದನ್ನೂ ನೋಡೋಣ. ಅದಕ್ಕೆ ಸಾಕ್ಷಿ ಅದೇ 1950ರ ಅದೇ ವಿಶ್ವಕಪ್ಪಿನಲ್ಲಿದೆ. ಜುಲೈ 2ರಂದು ಪೋರ್ತೊ ಅಲೆಗ್ರೆ ನಗರದಲ್ಲಿ ಮೆಕ್ಸಿಕೊ ಮತ್ತು ಸ್ವಿಟ್ಜರ್ಲೆಂಡ್ ತಂಡಗಳು ಎದುರಾದಾಗ ಎರಡರ ಅಂಗಿಯೂ ಕೆಂಪು ಬಣ್ಣದವೇ. ಏನು ಮಾಡಿದರು? ಪಂದ್ಯ ರದ್ದಾಯಿತೆ? ಯಾರನ್ನಾದರೂ ಮನೆಗೆ ಕಳುಹಿಸಿದರೆ? ಆ ಊರಿನ ಕ್ರುಜೇರೊ ಎಂಬ ಕ್ಲಬ್ಬಿನ ನೀಲಿ ಬಿಳಿ ಪಟ್ಟೆಯ ಅಂಗಿಗಳನ್ನು ಎರವಲು ತಂದು ಮೆಕ್ಸಿಕೊದವರಿಗೆ ತೊಡಿಸಿದರು, ಆಟ ನಡೆಯಿತು. ಇಪ್ಪತ್ತೆಂಟು ವರ್ಷಗಳ ಮೇಲೆ, 1978ರಲ್ಲಿ, ಅರ್ಜೆಂಟೀನದ ಮಾರ್ ದೆಲ್ ಪ್ಲಾತಾದಲ್ಲಿ ಫ್ರಾನ್ಸಿನವರೂ ಹಂಗೇರಿಯವರೂ ಬಿಳಿ ಅಂಗಿಯನ್ನೇ ತಂದಿದ್ದರು. ಅಲ್ಲಿಯೂ ಕಿಂಬರ್ಲಿ ಎಂಬ ಸ್ಥಳೀಯ ಕ್ಲಬ್ಬಿನಿಂದ ಹಸಿರು ಬಿಳಿ ಪಟ್ಟೆಯ ಅಂಗಿ ಎರವಲು ಪಡೆದು ಫ್ರಾನ್ಸ್ ಆಡಿತು, 3-1ರಿಂದ ಗೆದ್ದಿತು ಕೂಡ. ಅಂಗಿ ಎರವಲು ಸಿಕ್ಕುವ ಊರಿನಲ್ಲಿ ಹನ್ನೊಂದು ಜೊತೆ ಬೂಟು ಸಿಕ್ಕುತ್ತಿರಲಿಲ್ಲವೆ? ಉಡುಪಿನ ತೊಡಕು ಎಂಬುದು ಮೈದಾನಕ್ಕೆ ಬಂದವರಿಗೆ ಅರ್ಧ ಗಂಟೆಯ ತೊಡಕು. ಬಾರದವರಿಗೆ ಅದು ಮುಕ್ಕಾಲು ಶತಮಾನದ ನೆಪ.

ನನ್ನ ಮಾತಿಗೆ ಆಕ್ಷೇಪಣೆ ಇಲ್ಲದೆ ಇಲ್ಲ. ಆಗ ದೇಶ ಬಡವಾಗಿತ್ತು, ಹಡಗಿನ ಪ್ರಯಾಣ ಬಹು ದೀರ್ಘವಾದದ್ದು, ನಮ್ಮವರು ಹವ್ಯಾಸಿ ಆಟಗಾರರು, ಕೆಲಸಕ್ಕೆ ಅಷ್ಟು ದಿನ ರಜೆ ಹಾಕುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ಇವು ಗೌರವದಿಂದ ಕೇಳಬೇಕಾದ ಮಾತುಗಳು. ಬರಿಗಾಲಿನ ಕಥೆಯಂತೆ ಗಾಳಿಮಾತುಗಳಲ್ಲ. ಆದರೆ ನಮ್ಮ ಗುಂಪಿನಲ್ಲಿಯೇ ಇದ್ದವರನ್ನು ನೋಡಿ. 1949ರ ಮೇ ತಿಂಗಳಲ್ಲಿ ಟ್ಯೂರಿನ್ ನಗರದ ಬಳಿ ಸುಪೆರ್ಗಾ ಗುಡ್ಡಕ್ಕೆ ವಿಮಾನ ಬಡಿದು ಇಟಲಿಯ ಅತ್ಯುತ್ತಮ ಆಟಗಾರರಲ್ಲಿ ಬಹುಮಂದಿ ಸತ್ತುಹೋಗಿದ್ದರು. ಆ ಭಯದಿಂದ ಇಟಲಿಯವರು ವಿಮಾನ ಬಿಟ್ಟು ಹಡಗಿನಲ್ಲಿ ಬ್ರೆಜಿಲಿಗೆ ಹೋದರು. ಸತ್ತವರ ದುಃಖ ಹೊತ್ತುಕೊಂಡು, ಸಮುದ್ರ ದಾಟಿ ಹೋದರು. ಸ್ವೀಡನ್ನಿನವರು ಹೊರದೇಶಗಳಲ್ಲಿ ಹಣಕ್ಕೆ ಆಡುತ್ತಿದ್ದ ತಮ್ಮ ಹೆಸರಾಂತ ಆಟಗಾರರನ್ನು ಕೈಬಿಟ್ಟು ಹವ್ಯಾಸಿಗಳನ್ನೇ ಕಳುಹಿಸಿದರು. ಆ ಹವ್ಯಾಸಿಗಳು ಇಟಲಿಯನ್ನು 3-2ರಿಂದ ಸೋಲಿಸಿ ಕೊನೆಗೆ ಮೂರನೆಯ ಸ್ಥಾನ ಪಡೆದರು. ಹಡಗೂ ಕಾರಣವಲ್ಲ, ಹವ್ಯಾಸವೂ ಕಾರಣವಲ್ಲ. ಹೋಗಬೇಕೆಂಬ ಮನಸ್ಸು ಕುರ್ಚಿಯ ಮೇಲೆ ಕುಳಿತವರಿಗೆ ಇರಲಿಲ್ಲ ಎಂಬುದೇ ಕಾರಣ.

ಹೋಗಿದ್ದರೆ ಸೋಲುತ್ತಿದ್ದೆವು, ಹೋಗದಿದ್ದುದೇ ಮರ್ಯಾದೆ ಎನ್ನುವವರೂ ಇದ್ದಾರೆ. ಸೋಲುತ್ತಿದ್ದೆವೋ ಏನೋ. ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ನಮ್ಮನ್ನು 10-1ರಿಂದ ಸೋಲಿಸಿತು; ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ಆ ಸೋಲಿನಿಂದ ಬುದ್ಧಿ ಬಂದು ಫೆಡರೇಷನ್ನಿನವರು ಬೂಟನ್ನು ಕಡ್ಡಾಯ ಮಾಡಿದರು. ನಾಲ್ಕೇ ವರ್ಷ. 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಹೈದರಾಬಾದಿನ ರಹೀಮ್ ಸಾಹೇಬರು ಪಳಗಿಸಿದ ತಂಡ ಆಸ್ಟ್ರೇಲಿಯವನ್ನು ಅದರ ನೆಲದಲ್ಲಿಯೇ 4-2ರಿಂದ ಸೋಲಿಸಿ ಸೆಮಿಫೈನಲಿಗೆ ಏರಿತು. ನೆವಿಲ್ ಡಿಸೋಜ ಮೂರು ಗೋಲು ಹೊಡೆದರು. ನಾಲ್ಕನೆಯ ಸ್ಥಾನ ನಮ್ಮದಾಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡಾಕೂಟದಲ್ಲಿ ದಕ್ಷಿಣ ಕೊರಿಯವನ್ನು 2-1ರಿಂದ ಸೋಲಿಸಿ ಚಿನ್ನ ಗೆದ್ದೆವು. ಇದರಿಂದ ಎರಡು ಮಾತು ತಿಳಿಯುತ್ತದೆ. ಒಂದು, ನಮ್ಮ ಕಾಲಿಗೆ ಬೂಟು ಒಗ್ಗುವುದಿಲ್ಲ ಎಂಬುದು ಶುದ್ಧ ಹರಟೆ. ಎರಡು, ಸೋತು ಬಂದದ್ದರಿಂದ ನಾವು ಕಲಿತೆವು. ಹೋಗದೆ ಉಳಿದದ್ದರಿಂದ ಏನನ್ನೂ ಕಲಿಯಲಿಲ್ಲ. 10-1ರ ಸೋಲು ನಮಗೆ ಕೊಟ್ಟ ವಿದ್ಯೆಯನ್ನು 1950ರ ಗೈರುಹಾಜರಿ ಕೊಡಲಿಲ್ಲ. ಎರಡು ವರ್ಷ ಮುಂಚೆಯೇ ಹೋಗಿ ಸೋತು ಬಂದಿದ್ದರೆ ಎರಡು ವರ್ಷ ಮುಂಚೆಯೇ ಕಲಿಯುತ್ತಿದ್ದೆವು.

ಸೋಲನ್ನು ಬಟ್ಟೆಯ ಮೇಲೆ ಹಾಕುವ ಚಟ ನಮ್ಮದೊಂದೇ ಅಲ್ಲ ಎಂಬುದನ್ನು ನ್ಯಾಯವಾಗಿ ಒಪ್ಪಬೇಕು. ಅದೇ 1950ರ ಜುಲೈ 16ರಂದು ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲ್ ತಂಡ ಉರುಗ್ವೆಗೆ 2-1ರಿಂದ ಸೋತಿತು. ದೇಶಕ್ಕೆ ದೇಶವೇ ಅತ್ತಿತು. ಅಳು ನಿಂತ ಮೇಲೆ ಅವರ ಸಿಟ್ಟು ತಿರುಗಿದ್ದು ತಂಡ ತೊಟ್ಟಿದ್ದ ಬಿಳಿ ಅಂಗಿಯ ಮೇಲೆ. 1953ರಲ್ಲಿ ಒಂದು ಪತ್ರಿಕೆ ಹೊಸ ಉಡುಪಿಗಾಗಿ ಸ್ಪರ್ಧೆ ಇಟ್ಟಿತು. ಧ್ವಜದ ನಾಲ್ಕು ಬಣ್ಣಗಳೂ ಅದರಲ್ಲಿ ಇರಬೇಕೆಂಬುದು ಷರತ್ತು. ಗೆದ್ದವನು ಅಲ್ದಿರ್ ಶ್ಲೀ ಎಂಬ ಹತ್ತೊಂಬತ್ತು ವರ್ಷದ ಹುಡುಗ, ಉರುಗ್ವೆಯ ಗಡಿಯಲ್ಲಿರುವ ಊರಿನವನು. ಇಂದು ಲೋಕವೆಲ್ಲ ಬಲ್ಲ ಹಳದಿ ಅಂಗಿ, ನೀಲಿ ಚಡ್ಡಿ ಅವನ ಕಲ್ಪನೆ. ಸರಿ, ಅಂಗಿ ಬದಲಾಯಿತು. ಆದರೆ ಬ್ರೆಜಿಲಿನವರು ಮೊದಲ ಬಾರಿಗೆ ವಿಶ್ವಕಪ್ಪನ್ನು ಗೆದ್ದದ್ದು ಯಾವ ಅಂಗಿಯಲ್ಲಿ? 1958ರ ಫೈನಲಿನಲ್ಲಿ ಎದುರಾಳಿಯಾದ ಸ್ವೀಡನ್ನಿನ ಅಂಗಿಯೂ ಹಳದಿಯಾದ್ದರಿಂದ, ಅಲ್ಲಿಯೇ ಅಂಗಡಿಯಲ್ಲಿ ಕೊಂಡ ನೀಲಿ ಅಂಗಿಗೆ ಲಾಂಛನ ಹೊಲಿದುಕೊಂಡು ಆಡಿ 5-2ರಿಂದ ಗೆದ್ದರು! ಬಿಳಿ ಅಂಗಿ ಸೋಲಿಸಿರಲಿಲ್ಲ, ಹಳದಿ ಅಂಗಿ ಗೆಲ್ಲಿಸಲಿಲ್ಲ. ಗೆಲ್ಲಿಸಿದ್ದು ಅಂಗಿಯೊಳಗಿದ್ದ ಪೆಲೆ, ಗರಿಂಚ, ದಿದಿ.

1996ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡ ಸೌತಾಂಪ್ಟನ್ನಿನಲ್ಲಿ ಬೂದು ಬಣ್ಣದ ಅಂಗಿ ತೊಟ್ಟು ಅರ್ಧ ಸಮಯದ ಹೊತ್ತಿಗೆ ಮೂರು ಗೋಲು ಹಿಂದೆ ಬಿದ್ದಿತು. ಜೊತೆಯವರೇ ಕಾಣಿಸುವುದಿಲ್ಲ ಎಂದು ದೂರಿ, ಅಂಗಿ ಬದಲಾಯಿಸಿ ಹೊರಬಂದರು. ಆದರೂ 3-1ರಿಂದ ಸೋತರು. ಬೂದು ಅಂಗಿಯನ್ನು ಮತ್ತೆ ತೊಡಲಿಲ್ಲವಂತೆ. ಪಾಪ, ಅಂಗಿಗೆ ಬಾಯಿಲ್ಲವಲ್ಲ! ಆದರೆ ಬ್ರೆಜಿಲಿನವರಿಗೂ ಇಂಗ್ಲೆಂಡಿನವರಿಗೂ ನಮಗೂ ಒಂದು ವ್ಯತ್ಯಾಸ ಉಂಟು. ಅವರು ಬಟ್ಟೆಯನ್ನು ದೂರಿದ ಮೇಲೆ ಮೈದಾನಕ್ಕೆ ಹಿಂತಿರುಗಿ ಬೆವರು ಸುರಿಸಿದರು. ನಾವು ದೂರುತ್ತ ಕುಳಿತೆವು.

ಈಗ ಲಾಭನಷ್ಟದ ಲೆಕ್ಕ ಹಾಕೋಣ. ಬರಿಗಾಲಿನ ಕಥೆಯಿಂದ ಲಾಭವಾದದ್ದು ಆಡಳಿತಗಾರರಿಗೆ. ತಪ್ಪು ಕಾಲಿನದಾದರೆ ಕುರ್ಚಿಯದಲ್ಲ. ಪರದೇಶದವರು ನಮ್ಮನ್ನು ಹೊರಗಿಟ್ಟರು ಎಂದರೆ ನಾವೇ ಹೊರಗುಳಿದ ಸಂಗತಿ ಮರೆಯಾಗುತ್ತದೆ. ಸಾಮ್ರಾಜ್ಯದ ಕಾಲದ ಅವಮಾನಗಳ ನೆನಪು ಹಸಿಯಾಗಿದ್ದ ದೇಶದಲ್ಲಿ ಇಂಥ ಕಥೆಗೆ ಬೇಗ ಬೇರು ಬಿಡುತ್ತದೆ. ಬಿಳಿಯರು ನಮ್ಮ ಬರಿಗಾಲಿಗೆ ಹೆದರಿದರು ಎಂಬುದು ಕಿವಿಗೆ ಹಿತವಾದ ಮಾತು. ಕಿವಿಗೆ ಹಿತವಾದದ್ದೆಲ್ಲ ನಿಜವಾಗಬೇಕಾದ ಹಂಗಿಲ್ಲ.

ಇದು ಹಳೆಯ ಕಥೆ, ಈಗೇಕೆ ಕೆದಕಬೇಕು ಎನ್ನುವವರು 2022ರ ಆಗಸ್ಟ್ ತಿಂಗಳನ್ನು ನೆನೆಯಲಿ. ಆ ತಿಂಗಳು ಫಿಫಾ ನಿಜವಾಗಿಯೂ ಭಾರತವನ್ನು ಹೊರಗಿಟ್ಟಿತು. ಕಾರಣ ನಮ್ಮ ಕಾಲಲ್ಲ. ಆಟಗಾರರೆಲ್ಲ ಒಳ್ಳೆಯ ಬೂಟುಗಳನ್ನೇ ತೊಟ್ಟಿದ್ದರು. ಚುನಾವಣೆ ನಡೆಸದೆ ವರ್ಷಗಟ್ಟಲೆ ಎಳೆದ ಫೆಡರೇಷನ್ನು, ಅದರ ಮೇಲೆ ನ್ಯಾಯಾಲಯ, ನ್ಯಾಯಾಲಯದ ಮೇಲೆ ಸಮಿತಿ, ಹೀಗೆ ಆಡಳಿತ ಗೋಜಲಾದದ್ದರಿಂದ ಅಮಾನತು ಬಂದಿತು. ಹನ್ನೊಂದು ದಿನಗಳಲ್ಲಿ ಅದು ತೆರವಾದದ್ದು ಪುಣ್ಯ. ಇಲ್ಲದಿದ್ದರೆ ಅದೇ ಅಕ್ಟೋಬರಿನಲ್ಲಿ ನಮ್ಮಲ್ಲಿ ನಡೆಯಬೇಕಾಗಿದ್ದ ಹದಿನೇಳು ವರ್ಷದೊಳಗಿನ ಹುಡುಗಿಯರ ವಿಶ್ವಕಪ್ಪೂ ಕೈತಪ್ಪುತ್ತಿತ್ತು. ವಿಶ್ವಕಪ್ಪಿನ ಬಾಗಿಲನ್ನು ನಲವತ್ತೆಂಟು ತಂಡಗಳಿಗೆ ತೆರೆದಿಟ್ಟಾಗಲೂ, 2024ರ ಜೂನ್‌ನಲ್ಲಿ ಕತಾರಿಗೆ 2-1ರಿಂದ ಸೋತು ನಾವು ಎರಡನೆಯ ಸುತ್ತಿನಲ್ಲಿಯೇ ಹೊರಬಿದ್ದೆವು. ಆ ಹನ್ನೊಂದು ಮಂದಿಯ ಕಾಲಿನಲ್ಲಿಯೂ ಬೂಟು ಇತ್ತು. ಬರಿಗಾಲಿನ ಕಥೆ ಹೇಳುವವರು ಇದಕ್ಕೆ ಯಾವ ಚರ್ಮದ ಮೇಲೆ ತಪ್ಪು ಹೊರಿಸುತ್ತಾರೆ?

ನಷ್ಟವಾದದ್ದು ಆಡಿದವರಿಗೆ. ಲಂಡನ್ನಿಗೆ ಹೋದ ತಂಡದಲ್ಲಿ ನಮ್ಮ ಬೆಂಗಳೂರಿನವರು ಒಬ್ಬಿಬ್ಬರಲ್ಲ; ಗೋಲು ಹೊಡೆದ ರಾಮನ್, ಚೆಂಡನ್ನು ಕಾಲಿಗೆ ಅಂಟಿಸಿಕೊಂಡಂತೆ ಓಡುತ್ತಿದ್ದ ಅಹಮದ್ ಖಾನ್, ಧನರಾಜ್, ಇನ್ನೂ ಕೆಲವರು. ಅಹಮದ್ ಖಾನ್ ಮತ್ತು ಧನರಾಜ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಸೇರಿ, ವೆಂಕಟೇಶ್, ಅಪ್ಪಾರಾವ್, ಸಾಲೆಯವರ ಜೊತೆಗೂಡಿ ಅಲ್ಲಿಯ ಜನರಿಂದ ಪಂಚಪಾಂಡವರೆಂದು ಕರೆಸಿಕೊಂಡರು. ಈಸ್ಟ್ ಬೆಂಗಾಲ್ ಗೆದ್ದರೆ ಹಿಲ್ಸಾ ಮೀನು, ಮೋಹನ್ ಬಾಗಾನ್ ಗೆದ್ದರೆ ಸಿಗಡಿ ಎಂದು ಪಂದ್ಯದ ಸಂಜೆಯ ಅಡಿಗೆಯನ್ನೇ ಆಟಕ್ಕೆ ಗಂಟುಹಾಕಿರುವ ಊರು ಅದು. ಆ ಊರಿನವರು ನಮ್ಮ ಊರಿನವರನ್ನು ನೆನಪಿಟ್ಟುಕೊಂಡಿದ್ದಾರೆ. ನಮ್ಮ ಊರಿನಲ್ಲಿ? 1946-47ರಲ್ಲಿ, 1952-53ರಲ್ಲಿ, ಮತ್ತೆ 1967-68, 1968-69ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಮೈಸೂರು ರಾಜ್ಯದ ತಂಡಗಳಲ್ಲಿದ್ದ ಒಬ್ಬನ ಹೆಸರನ್ನಾದರೂ ಹೇಳಬಲ್ಲವರು ಬಸ್ಸಿನಲ್ಲಿ ಎಷ್ಟು ಮಂದಿ ಸಿಕ್ಕುತ್ತಾರೆ? 2023ರ ಮಾರ್ಚ್‌ನಲ್ಲಿ, ಐವತ್ತನಾಲ್ಕು ವರ್ಷಗಳ ಮೇಲೆ, ಕರ್ನಾಟಕ ಸೌದಿ ಅರೇಬಿಯದ ರಿಯಾದಿನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಆ ಕಪ್ಪನ್ನು ಮತ್ತೆ ತಂದಿತು. ಅಂದಿನ ಪತ್ರಿಕೆಯಲ್ಲಿ ಅದನ್ನು ಓದಿ ಮರುದಿನವೂ ನೆನಪಿಟ್ಟುಕೊಂಡವರು ಎಷ್ಟು ಮಂದಿ? ಆದರೆ ಬರಿಗಾಲಿನ ಕಥೆ ಎಲ್ಲರಿಗೂ ಬರುತ್ತದೆ. ನಿಜವಾಗಿ ಆಡಿದ ಕಾಲುಗಳನ್ನು ಮರೆತು, ಆಡದೆ ಹೋದ ಕಾಲುಗಳ ಮೇಲೆ ಕಥೆ ಕಟ್ಟಿದ್ದೇವೆ.

ಇನ್ನೊಂದು ನಷ್ಟ ಇದಕ್ಕಿಂತ ಹೆಚ್ಚಿನದು. ಬರಿಗಾಲನ್ನು ನಾವು ಪುರಾಣ ಮಾಡಿ ಪೂಜೆಗೆ ಕೂಡಿಸಿದೆವು. ಆದ್ದರಿಂದ ಬರಿಗಾಲಿನ ಹಿಂದಿದ್ದ ಬಡತನ ಕಣ್ಣಿಗೆ ಬೀಳದಾಯಿತು. ನಮ್ಮ ಗೌತಮಪುರದ, ಆಸ್ಟಿನ್ ಟೌನಿನ, ಮರ್ಫಿ ಟೌನಿನ ಗಲ್ಲಿಗಳಲ್ಲಿ ಚೆಂಡು ಒದೆಯುತ್ತ ಬೆಳೆದ ಹುಡುಗರು ಬರಿಗಾಲಿನಲ್ಲಿ ಆಡಿದ್ದು ದೇಶಾಭಿಮಾನದಿಂದಲ್ಲ. ಬೂಟು ಕೊಡಿಸುವವರಿಲ್ಲದೆ ಆಡಿದರು. ಹುಡುಗರ ಪಂದ್ಯವೊಂದರಲ್ಲಿ, ಬೂಟು ತಂದಿಲ್ಲವೆಂದು ಗೆರೆಯಾಚೆ ನಿಲ್ಲಿಸಲ್ಪಟ್ಟ ಹುಡುಗನನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನನ್ನು ನಿಲ್ಲಿಸಿದ್ದು ಫಿಫಾ ಅಲ್ಲ. ಪಕ್ಕದಲ್ಲಿಯೇ ಕುಳಿತಿದ್ದ ದೊಡ್ಡವರ ಮೈಮೇಲೆ ಮಾತ್ರ ಯಾವುದೋ ಪರದೇಶದ ಕ್ಲಬ್ಬಿನ ಆ ವರ್ಷದ ಹೊಸ ಅಂಗಿ ಇತ್ತು. ಆ ಅಂಗಿಯ ಬೆಲೆಯಲ್ಲಿ ಹುಡುಗನಿಗೆ ಒಂದು ಜೊತೆ ಬೂಟು ಬರುತ್ತಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ಇಂಥ ಸಂದರ್ಭಕ್ಕೇ ಹುಟ್ಟಿರಬೇಕು. 1911ರ ಬರಿಗಾಲಿಗೆ ನಮಸ್ಕಾರ ಮಾಡಿ, ಕಣ್ಣೆದುರಿನ ಬರಿಗಾಲನ್ನು ಗೆರೆಯಾಚೆ ನಿಲ್ಲಿಸುವ ಭಕ್ತಿ ಎಂಥ ಭಕ್ತಿ?

ಬರಿಗಾಲಿನಲ್ಲಿ ಆಡಿ ಗೆದ್ದವರನ್ನೂ ಸೋತವರನ್ನೂ ನಾನು ಕಡಿಮೆಯವರೆಂದು ಹೇಳುತ್ತಿಲ್ಲ. ಅವರ ದೊಡ್ಡತನವನ್ನು ಉಳಿಸಬೇಕೆಂದೇ ಈ ಜಗಳ. ಅವರು ಬೂಟಿಲ್ಲದಿದ್ದರೂ ಹೋದವರು. ಲಂಡನ್ನಿಗೂ ಹೋದರು, ಹೆಲ್ಸಿಂಕಿಗೂ ಹೋದರು. ಬರಿಗಾಲು ಅವರನ್ನು ಎಲ್ಲಿಗೂ ಹೋಗದಂತೆ ತಡೆಯಲಿಲ್ಲ. ಅಂಥವರ ಕಾಲನ್ನು ಮನೆಯಲ್ಲಿ ಕುಳಿತವರ ನೆಪಕ್ಕೆ ಗುರಾಣಿ ಮಾಡಿಕೊಂಡದ್ದು ಕೃತಘ್ನತೆ.

ಮುಂದಿನ ವಿಶ್ವಕಪ್ಪಿನ ಹೊತ್ತಿಗೆ ಮನೆಯ ಹುಡುಗನೋ ಹುಡುಗಿಯೋ, ನಾವೇಕೆ ಅಲ್ಲಿಲ್ಲ, ಬೂಟಿಲ್ಲದ್ದಕ್ಕೆ ನಮ್ಮನ್ನು ಓಡಿಸಿದರಂತೆ ಹೌದೆ, ಎಂದು ಕೇಳಿಯೇ ಕೇಳುತ್ತಾರೆ. ವಾಚಕ ಮಹಾಶಯರಲ್ಲಿ ನನ್ನ ಕೋರಿಕೆ ಇಷ್ಟೇ. ಯಾರೂ ಓಡಿಸಲಿಲ್ಲ, ಕರೆದಿದ್ದರು, ಖರ್ಚನ್ನೂ ಕೊಡುತ್ತೇವೆ ಎಂದಿದ್ದರು, ನಮ್ಮ ದೊಡ್ಡವರು ಹೋಗಲಿಲ್ಲ ಎಂದು ನೆಟ್ಟಗೆ ಹೇಳಿ. ಮಗುವಿಗೆ ಬೇಸರವಾಗುತ್ತದೆ, ಆಗಲಿ. 'ಯಾಕೆ ಹೋಗಲಿಲ್ಲ?' ಎಂದು ಅದು ಮತ್ತೆ ಕೇಳುತ್ತದೆ. ಆ ಎರಡನೆಯ ಪ್ರಶ್ನೆಯನ್ನೇ ಫೆಡರೇಷನ್ನಿನ ಬಾಗಿಲಿನಲ್ಲಿ ನಿಂತು ಕೇಳುವವರು ನಮಗೆ ಎಪ್ಪತ್ತೈದು ವರ್ಷಗಳಿಂದ ಬೇಕಾಗಿದ್ದಾರೆ.